‘ಕುಡೀತಿದ್ರಾ?’ ಅಂತ ಕೇಳಿ ಸುಮ್ಮನಾದರೆ ಸಾಲದು

ಮಾನ್ಯರೇ,

ಲಿವರ್ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಎಂದ ಕೂಡಲೇ ‘ಕುಡೀತಿದ್ರಾ?’ ಎಂದು ಕೇಳುವವರೇ ಜಾಸ್ತಿ. ಕುಡಿತ ದೊಡ್ಡ ಕಾರಣ, ನಿಜ. ಆದರೆ ಹೆಪಟೈಟಿಸ್ ಬಿ, ಸಿ ಸೋಂಕಿನಿಂದಲೂ, ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆಗಿನ ಫ್ಯಾಟಿ ಲಿವರ್‌ನಿಂದಲೂ ಇದು ಬರುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆದರೆ ರಕ್ತವಾಂತಿ.

ಮನೆಯವರಿಗೆ ಅರ್ಥವಾಗದೇ ಹೋಗುವುದು ಇನ್ನೊಂದಿದೆ. ರೋಗಿ ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂರುತ್ತಾರೆ, ಏನೇನೋ ಮಾತಾಡುತ್ತಾರೆ, ಕೈ ನಡುಗುತ್ತದೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುವವರೂ ಇದ್ದಾರೆ! ಲಿವರ್ ಸೋಸಲಾಗದ ಅಮೋನಿಯಾದಂಥ ವಿಷ ಮೆದುಳಿಗೆ ಹೋಗಿ ಹೀಗಾಗುತ್ತದೆ. ಮಲಬದ್ಧತೆ, ಸೋಂಕು ಇದ್ದರೆ ಇನ್ನೂ ಜಾಸ್ತಿ. ಮಲದ ಜೊತೆ ಆ ವಿಷ ಹೊರಹೋಗಲಿ ಅಂತಲೇ ಲ್ಯಾಕ್ಟುಲೋಸ್ ಸಿರಪ್ ಕೊಡುವುದು. ಭೇದಿ ಆಗುತ್ತೆ ಅಂತ ಎಷ್ಟೋ ಮನೆಯಲ್ಲಿ ಅದನ್ನೇ ನಿಲ್ಲಿಸಿಬಿಡುತ್ತಾರೆ.

ಪಾವಗಡದಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 100 ಕಿ.ಮೀ. ರಕ್ತ ಕಾರುವವರನ್ನು ಅಷ್ಟು ದೂರ ಕರೆದೊಯ್ದ ಮೇಲೆ, ಎಂಡೋಸ್ಕೋಪಿ ಮಾಡಿ ಒಡೆದ ರಕ್ತನಾಳಕ್ಕೆ ಬ್ಯಾಂಡ್ ಹಾಕಿ ರಕ್ತ ನಿಲ್ಲಿಸುವವರು ರಾತ್ರಿಯೂ ಇರಬೇಕಲ್ವಾ? ಡಿಸ್ಚಾರ್ಜ್ ಮಾಡುವಾಗ ಉಪ್ಪು ಎಷ್ಟು, ಯಾವ ನೋವಿನ ಮಾತ್ರೆ ಮುಟ್ಟಬಾರದು, ಯಾವಾಗ ಓಡಿ ಬರಬೇಕು ಎಂದು ಕನ್ನಡದಲ್ಲಿ ಬರೆದು ಕೊಡಲಿ.

— ಓದುಗ, ಪಾವಗಡ