ಭಾನುವಾರದ ಕೂಟ: ಮುಳುಗಿದ ಹಡಗಿನ ಒಳ್ಳೆಮೆಣಸು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4ಕ್ಕೆ ಬದಿಯಡ್ಕದ ವಾಚನಾಲಯದಲ್ಲಿ ನಮ್ಮ ತಿಂಗಳ ಕೂಟ ಇದೆ. ಮುಳುಗಿದ ಹಳೇ ಹಡಗುಗಳಲ್ಲಿ ಸಿಗುವ ಬೀಜ, ಸಿಪ್ಪೆ, ಮರದ ತುಂಡುಗಳಿಂದ ಏನೇನು ಗೊತ್ತಾಗುತ್ತದೆ ಅನ್ನುವುದೇ ಈ ಸಲದ ವಿಷಯ. ಹೈಸ್ಕೂಲ್ ಮಕ್ಕಳನ್ನೂ ಕರೆತನ್ನಿ.

ಅಡಿಕೆ ಕೆಲಸದ ನಡುವೆ ಇದೆಲ್ಲ ಯಾಕೆ ಅನ್ನಬೇಡಿ, ನಮಗೂ ಸಂಬಂಧ ಇದೆ. ಡೆನ್ಮಾರ್ಕಿನ ರಾಜ ಹಾನ್ಸ್‌ನ ಗ್ರಿಬ್ಸ್‌ಹುಂಡನ್ ಹಡಗು 1495ರಲ್ಲಿ ಈಗಿನ ಸ್ವೀಡನ್ನಿನ ರೊನ್ನೆಬಿ ಬಳಿ ಬೆಂಕಿ ಬಿದ್ದು ಮುಳುಗಿತು. ಅದರಲ್ಲಿ ಕೇಸರಿ, ಶುಂಠಿ, ಲವಂಗದ ಜೊತೆ ಒಳ್ಳೆಮೆಣಸೂ ಸಿಕ್ಕಿದೆ. ಬರೀ ಕಾಳಲ್ಲ, ತೊಟ್ಟಿನ ಚೂರು ಕೂಡ! ಗಾಳಿ ತಾಗದ ಕೆಸರಿನಲ್ಲಿ ಇಂಥವು ಬೇಗ ಕೊಳೆಯುವುದಿಲ್ಲ. ವಾಸ್ಕೋ ಡ ಗಾಮ ಕೋಝಿಕ್ಕೋಡ್ ಕಡೆ ಬಂದದ್ದು 1498ರಲ್ಲಿ. ಅದಕ್ಕೂ ಮೊದಲೇ ಆ ರಾಜನ ಅಡುಗೆಗೆ ಮೆಣಸು ತಲುಪಿತ್ತು ನೋಡಿ.

ಬರುವಾಗ ತೊಟ್ಟು ಸಮೇತ ಒಳ್ಳೆಮೆಣಸು, ಭತ್ತದ ಹೊಟ್ಟು, ತೆಂಗಿನ ನಾರು, ಯಾವುದು ಸಿಕ್ಕಿದರೂ ಒಂದು ಹಿಡಿ ತನ್ನಿ. ಹೆಬ್ಬಲಸಿನ ಚಕ್ಕೆ ಸಿಕ್ಕಿದರೆ ಬಹಳ ಒಳ್ಳೆಯದು. ಆಲಪ್ಪುಳ ಜಿಲ್ಲೆಯ ತೈಕ್ಕಲ್‌ನಲ್ಲಿ ಮಣ್ಣಿನಡಿ ಸಿಕ್ಕಿದ ಹಳೇ ದೋಣಿ ಆ ಮರದ್ದೇ. ಪೊಟ್ಟಣದ ಮೇಲೆ ಹೆಸರು, ಊರು ಬರೆಯಿರಿ. ಭೂತಕನ್ನಡಿ ಇದ್ದವರು ಮರೆಯಬೇಡಿ, ನಮ್ಮಲ್ಲಿ ಇರುವುದು ಒಂದೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಎಷ್ಟು ಜನ ಅಂತಲೂ ಹಾಕಿ. ಚಹಾಕ್ಕೆ ಲೆಕ್ಕ ಬೇಕು. ಸುಮ್ನೆ ಹೆಬ್ಬೆರಳು ಒತ್ತಿ ಬಿಡಬೇಡಿ.