ಕ್ಯಾಮೆರಾವನ್ನು ಮೂರಡಿಗೆ ಇಳಿಸಿದವರಿಗೆ

ನಮ್ಮ ಏಳು ನಿಮಿಷದ ಅನಿಮೇಶನ್ ಚಿತ್ರ ಕೊನೆಗೂ ಮುಗಿಯಿತು. ಕಳೆದ ವಾರ ಬಾಗಲಕೋಟೆ ನವನಗರದ ನಮ್ಮ ಮನೆ ಮಾಳಿಗೆ ಮೇಲೆ ಮುತ್ಯಾನ ಬಿಳಿ ಧೋತರ ಕಟ್ಟಿ ಎಲ್ಲರಿಗೂ ತೋರಿಸಿದೆವು. ಗಾಳಿಗೆ ಧೋತರ ಉಬ್ಬಿ, ನಾನು ಸ್ಕೇಲಿಟ್ಟು ಎಳೆದ ಗೋಡೆಗಳೆಲ್ಲ ಬಸುರಿಯಾದವು. ಅದಿರಲಿ. ಅವತ್ತಿನ ಚುರಮರಿ-ಮಿರ್ಚಿ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ. ಅದಕ್ಕೇ ಈ ಬರಹ.

ಕತೆ ಸಣ್ಣದು. ಆರು ವರ್ಷದ ಹುಡುಗಿ ಹಳೆ ಬಾಗಲಕೋಟೆಯ ಮನೆ ಬಿಡುವ ದಿನ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಊರಿನ ತಗ್ಗಿನ ಭಾಗ ಮುಳುಗಿದ್ದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪಾತ್ರಗಳನ್ನು ಗೆಳತಿ ಕುಣಿಸಿದಳು. ಹಿನ್ನೆಲೆ ಚಿತ್ರ ಮತ್ತು ಕ್ಯಾಮೆರಾ ನನ್ನ ಪಾಲಿಗೆ ಬಂತು. ಒಟ್ಟು 62 ಹಿನ್ನೆಲೆ.

ಮೊದಲ ಥ್ಯಾಂಕ್ಸ್ ನಮ್ಮ ಆಯಿಗೆ. ಮೂರು ವಾರ ಕೂತು ಪಡಸಾಲೆ ಬರೆದಿದ್ದೆ. ಕಂಬ, ತೊಲೆ, ಜಂತಿ, ಗೋಡೆಯ ಮಾಡ, ಬೆಳಕಿಂಡಿಯಿಂದ ಬೀಳುವ ಬಿಸಿಲು, ಯಾವುದನ್ನೂ ಬಿಟ್ಟಿರಲಿಲ್ಲ. ಆಯಿ ಚಾಳೀಸು ಹಾಕಿಕೊಂಡು ನೋಡಿದಳು. "ಛಲೋ ಐತಿ ಯವ್ವಾ. ಆದ್ರ ಬಾಡಿಗಿ ಮನಿ ನೋಡಾಕ ಬಂದವ್ರು ನೋಡಿದಂಗ ಐತಿ" ಅಂದಳು.

ಸಿಟ್ಟು ಬಂತು. ಎರಡು ದಿನ ಬಿಟ್ಟು ನೋಡಿದರೆ ಆಯಿ ಹೇಳಿದ್ದೇ ಸರಿ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಚಿತ್ರದ ಕಣ್ಮಟ್ಟದ ಗೆರೆಯೂ (ನೋಡುವವರ ಕಣ್ಣಿನ ಎತ್ತರಕ್ಕೆ ಎಳೆಯುವ ಅಡ್ಡಗೆರೆ) ಅಷ್ಟೇ ಎತ್ತರದಲ್ಲಿ ಇರಬೇಕು. ನಾನು ನನ್ನ ಎತ್ತರಕ್ಕೆ, ಐದಡಿಗೆ ಇಟ್ಟಿದ್ದೆ. ಬಾಗಿಲಲ್ಲಿ ನಿಂತ ಹೊಸಬರ ಕಣ್ಣು ಅದು. ಗೆರೆಯನ್ನು ಮೂರಡಿಗೆ ಇಳಿಸಿದೆ. ದೀಪದ ಮಾಡ ಕೈಗೆ ಎಟುಕದಷ್ಟು ಮೇಲೆ ಹೋಯಿತು. ಜಂತಿ ದೂರ ಸರಿಯಿತು. ದೊಡ್ಡವರ ಮುಖಗಳೆಲ್ಲ ಗೆರೆಯಿಂದ ಎಷ್ಟೋ ಮೇಲಾದವು, ಹುಡುಗಿಯ ಕಣ್ಣು ಮಾತ್ರ ಗೆರೆಯ ಮೇಲೆ. ಆಗ ಆಯಿ ಏನೂ ಹೇಳಲಿಲ್ಲ. ಬೀಸುಕಲ್ಲು ಇಟ್ಟ ಮೂಲೆಯನ್ನು ಬೆರಳಿಂದ ಮುಟ್ಟಿ, "ಇಲ್ಲೇ ಒಂದು ಗೂಟ ಇತ್ತು" ಅಂದಳು, ಅಷ್ಟೇ. ಗೂಟ ಬರೆದೆ.

ಆಮೇಲೆ ಗೌಂಡಿ ಕಾಕಾ. ಚಿತ್ರ ನೋಡಿದವರೇ ನಕ್ಕರು. "ಇವೇನ್ ಗ್ವಾಡಿ ತಂಗಿ, ರಟ್ಟಿನ ಡಬ್ಬಿ? ಕಿಡಕ್ಯಾಗ ಹುಡುಗ್ರು ಕುಂತು ಓದ್ತಿದ್ರು!" ಬೇಸಿಗೆಯಲ್ಲಿ ನೀರು ಇಳಿದಾಗ ನನ್ನನ್ನು ಕರೆದುಕೊಂಡು ಹೋಗಿ, ಉಳಿದ ಗೋಡೆಗಳಿಗೆ ಟೇಪು ಹಿಡಿದರು. ಎರಡಡಿ ದಪ್ಪ. ಕಿಟಕಿಗೆ ಆ ಎರಡಡಿಯ ಆಳ ಕೊಟ್ಟ ಮೇಲೆ ಬೆಳಕೇ ಬದಲಾಯಿತು. ಬಿಸಿಲು ಸಣ್ಣ ಪಟ್ಟಿಯಾಗಿ ಒಳಗೆ ಬಂತು, ಉಳಿದದ್ದೆಲ್ಲ ತಂಪು ನೆರಳು. ಇಷ್ಟು ದಿನ ಬಣ್ಣ ಬದಲಿಸಿ ಬದಲಿಸಿ ಹುಡುಕುತ್ತಿದ್ದ ತಂಪು ಗೋಡೆಯ ದಪ್ಪದಲ್ಲಿತ್ತು.

ಓಣಿಗಳನ್ನು ಬಿಡಿಸಿಕೊಟ್ಟವರು ಬೋರ್ಡ್ ಬರೆಯುವ ನಮ್ಮ ಮಾವ. ನವನಗರದ ಸೆಕ್ಟರ್ ರಸ್ತೆ ಬರೆಯುವುದು ಸುಲಭ, ದೂರ ಸಾಗುವ ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ, ಅಂದರೆ ಒಂದೇ ವ್ಯಾನಿಶಿಂಗ್ ಪಾಯಿಂಟ್‌ಗೆ ಹೋಗಿ ಸೇರುತ್ತವೆ. ಹಳೆ ಓಣಿಯನ್ನೂ ಹಾಗೇ ಬರೆದು ಕೆಡಿಸಿದ್ದೆ. ಅಲ್ಲಿ ಒಂದೊಂದು ಮನೆ ಒಂದೊಂದು ಕಡೆ ತಿರುಗಿ ಕೂತಿರುತ್ತದೆ, ಅಲ್ವಾ? ಮಾವ ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣ ಸಾಲಾಗಿ ಇಟ್ಟು, ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿದರು. ಪ್ರತಿ ಪೊಟ್ಟಣಕ್ಕೂ ಅದರದೇ ಬಿಂದು. ಆದರೆ ಎಲ್ಲ ಬಿಂದುಗಳೂ ಅದೇ ಕಣ್ಮಟ್ಟದ ಗೆರೆಯ ಮೇಲೆ. ನನ್ನ ಕೋರ್ಸಿನಲ್ಲೂ ಇದನ್ನು ಹೇಳಿಕೊಟ್ಟಿದ್ದರು. ತಲೆಗೆ ಹೋದದ್ದು ಪೊಟ್ಟಣದಿಂದ.

ಕೊನೆಯ ಶಾಟ್ 20 ಸೆಕೆಂಡಿನದು. ಸಾಮಾನು ತುಂಬಿದ ಟ್ರ್ಯಾಕ್ಟರ್‌ನಲ್ಲಿ ಕೂತ ಹುಡುಗಿಗೆ ಊರು ಪಕ್ಕದಲ್ಲಿ ಸರಿದು ಹೋಗಬೇಕು. ನಾನು ಇಡೀ ಚಿತ್ರವನ್ನು ಒಟ್ಟಿಗೆ ಸರಿಸಿದ್ದೆ. ಯಾರೋ ಪರದೆ ಎಳೆದ ಹಾಗೆ ಕಾಣುತ್ತಿತ್ತು. ಬದಾಮಿಗೆ ಹೋಗುವ ಬಸ್ಸಿನಲ್ಲಿ ಅಕ್ಕನ ಮಗಳು ಕೇಳಿದಳು: "ಗಿಡ ಹಿಂದ ಓಡಾಕತ್ತಾವ, ಗುಡ್ಡ ಯಾಕ ನಮ್ಮ ಕೂಡ ಬರಾಕತ್ತೈತಿ?" ಮನೆಗೆ ಬಂದವಳೇ ಚಿತ್ರವನ್ನು ಪದರ ಪದರ ಬಿಡಿಸಿದೆ. ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೆ ಮುಂದಿನ ಬೇಲಿ 24 ಪಿಕ್ಸೆಲ್, ಮನೆಸಾಲು 8, ಗುಡ್ಡ ಬರೀ 1 ಪಿಕ್ಸೆಲ್ ಸರಿಯುತ್ತದೆ. ಇದರಿಂದ ಬೇಲಿಯನ್ನು ಏಳು ಪರದೆಯಷ್ಟು ಉದ್ದ ಬರೆಯಬೇಕಾಯಿತು, ಗುಡ್ಡಕ್ಕೆ ಒಂದೂಕಾಲು ಪರದೆ ಸಾಕಾಯಿತು. ಜಾಲಿಮುಳ್ಳು ಬರೆದು ಬರೆದು ಕೈ ಸೋತಿತು. ಆ ಪುಟ್ಟಿಗೆ ಒಂದು ಡಬ್ಬಿ ಕರದಂಟು ಬಾಕಿ ಇದೆ.

ನಡುವೆ ಹಾರ್ಡ್ ಡಿಸ್ಕ್ ಕೆಟ್ಟು 11 ಹಿನ್ನೆಲೆ ಹೋದವು. ಬ್ಯಾಕಪ್ ಇಡದ ತಪ್ಪು ನನ್ನದೇ. ಆ ತಿಂಗಳು ನಾನು ಯಾರ ಜೊತೆಗೂ ಮಾತಾಡಲಿಲ್ಲ. ಗೆಳತಿ ದಿನಾ ಸಂಜೆ ಬಂದು ಸುಮ್ನೆ ಪಕ್ಕದಲ್ಲಿ ಕೂತು ತನ್ನ ಕೆಲಸ ಮಾಡಿಕೊಂಡು ಹೋಗುತ್ತಿದ್ದಳು. ಹನ್ನೊಂದನ್ನೂ ಮತ್ತೆ ಬರೆದೆ. ನಾಲ್ಕು ಮೊದಲಿಗಿಂತ ಚೆನ್ನಾಗಿ ಬಂದವು. ಏಳು ಬರಲಿಲ್ಲ, ಆದರೂ ಹಾಗೇ ಇಟ್ಟಿದ್ದೇವೆ.

ಇನ್ನು, ಹಳೆ ಮನೆಗಳ ಫೋಟೊ ಕೊಟ್ಟವರಿಗೆಲ್ಲ ಕೈಮುಗಿದೆ. ಎಲ್ಲವನ್ನೂ ವಾಪಸು ಮುಟ್ಟಿಸಿದ್ದೇನೆ, ಒಂದನ್ನು ಬಿಟ್ಟು. ಹಸಿರು ಬಾಗಿಲು, ಕಟ್ಟೆ ಮೇಲೆ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿ, ಹಿಂದೆ ಪೆನ್ಸಿಲಿನಲ್ಲಿ "ನಾಳೆ ಹೊರಡುವುದು" ಎಂದಷ್ಟೇ ಬರೆದಿದೆ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ.