ಹೊಡೆತ ಉಳಿಸಿ, ನಗು ಕತ್ತರಿಸುತ್ತಿದ್ದೇವೆ

ಮಾನ್ಯ ಸಂಪಾದಕರೇ,

ಹಾಂಕಾಂಗ್‌ನ ಹಳೆಯ ಕುಂಗ್‌ಫೂ ಹಾಸ್ಯಚಿತ್ರಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹೊಡೆದಾಟದ ನಡುವೆ ಒಂದಿಷ್ಟು ಮಂಗಚೇಷ್ಟೆ, ಅದಕ್ಕಿಂತ ಹೆಚ್ಚಿನದೇನೂ ಲೇಖಕರಿಗೆ ಅವುಗಳಲ್ಲಿ ಕಂಡಂತಿಲ್ಲ. ತಪ್ಪು ಅವರದಲ್ಲ. ಆ ಚಿತ್ರಗಳು ಈಗ ನಮ್ಮ ಕಣ್ಣಿಗೆ ಬೀಳುವುದೇ ಮೊಬೈಲಿನ ಅರ್ಧ ನಿಮಿಷದ ತುಣುಕುಗಳಾಗಿ, ಇಲ್ಲವೇ ಚಾನೆಲ್ಲಿನಲ್ಲಿ ಎರಡೂ ಬದಿ ಕತ್ತರಿಸಿಕೊಂಡ ಪ್ರತಿಗಳಾಗಿ. ಹಾಗೆ ನೋಡಿದರೆ ಉಳಿಯುವುದು ಚೇಷ್ಟೆ ಮಾತ್ರ.

ಮೊದಲು ಅಳತೆಯ ಲೆಕ್ಕ ನೋಡಿ. 'ಡ್ರಂಕನ್ ಮಾಸ್ಟರ್' (1978), 'ದಿ ಯಂಗ್ ಮಾಸ್ಟರ್' (1980), 'ಪ್ರಾಜೆಕ್ಟ್ ಎ' (1983) ಎಲ್ಲವೂ ಅಗಲ ಪರದೆಯ ಚಿತ್ರಗಳು. ಎತ್ತರ 1 ಇದ್ದರೆ ಅಗಲ 2.35. ಇದನ್ನು ಹಳೆಯ 4:3 ಟಿ.ವಿ. ತುಂಬುವಂತೆ ಹಿಗ್ಗಿಸಿದರೆ ಅಗಲದಲ್ಲಿ ಶೇ 43ರಷ್ಟು ಹೊರಗೆ ಹೋಗುತ್ತದೆ. ಈಗಿನ 16:9 ಟಿ.ವಿ.ಯಲ್ಲಿ ಶೇ 24. ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವ ರೀಲ್ಸ್‌ನಲ್ಲಿ ಶೇ 76, ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು. ಹೊಡೆಯುವವನು ಬಲತುದಿಯಲ್ಲಿ, ಹೊಡೆಸಿಕೊಳ್ಳುವವನು ಎಡತುದಿಯಲ್ಲಿ, ನಡುವೆ ಒಂದು ಬೆಂಚು ಇದ್ದರೆ ರೀಲ್ಸ್‌ನಲ್ಲಿ ನಮಗೆ ದಕ್ಕುವುದು ಬೆಂಚು.

ಬೇರೆ ಚಿತ್ರಗಳಲ್ಲಿ ಇದನ್ನು ಹೇಗೋ ಸಹಿಸಬಹುದು. ಮುಖ ಕಂಡರೆ ಕತೆ ಅರ್ಥವಾಗುತ್ತದೆ. ಇವುಗಳಲ್ಲಿ ಆಗುವುದಿಲ್ಲ. ಇವನ್ನು ಕಟ್ಟಿದವರು ರಂಗದಿಂದ ಬಂದವರು. ಜಾಕಿ ಚಾನ್, ಸ್ಯಾಮೊ ಹಂಗ್, ಯುಯೆನ್ ಬಿಯಾವೊ ಮೂವರೂ ಹಾಂಕಾಂಗ್‌ನಲ್ಲಿ ಯು ಜಿಮ್-ಯುಯೆನ್ ನಡೆಸುತ್ತಿದ್ದ ಪೀಕಿಂಗ್ ಆಪೆರಾ (ಚೀನಾದ ಸಾಂಪ್ರದಾಯಿಕ ರಂಗಕಲೆ) ಶಾಲೆಯಲ್ಲಿ ಬೆಳೆದವರು. ಜಾಕಿ ಏಳನೇ ವಯಸ್ಸಿಗೆ ಸೇರಿ ಹತ್ತು ವರ್ಷ ಅಲ್ಲಿದ್ದರು. ರಂಗದ ಮೇಲೆ ಕ್ಲೋಸಪ್ ಇಲ್ಲ. ಕೊನೆಯ ಸಾಲಿನಲ್ಲಿ ಕೂತವನಿಗೂ ನಗು ಮುಟ್ಟಬೇಕಾದರೆ ಅಂಗಾಲಿನಿಂದ ನೆತ್ತಿಯವರೆಗೆ ಇಡೀ ಮೈ ಮಾತಾಡಬೇಕು. ಆ ರಂಗದಲ್ಲಿ ವಿದೂಷಕನ ಪಾತ್ರಕ್ಕೆ 'ಚೌ' ಎನ್ನುತ್ತಾರೆ. ಮೂಗಿನ ಸುತ್ತ ಬಿಳಿಬಣ್ಣದ ತೇಪೆ ಅದರ ಗುರುತು. ಹಾಸ್ಯಗಾರನಿಗೆ ಉಳಿದೆಲ್ಲ ವೇಷಗಳ ನಡೆಯೂ ಗೊತ್ತಿರಬೇಕು ಎಂದು ಯಕ್ಷಗಾನ ಬಲ್ಲವರು ಹೇಳುತ್ತಾರಲ್ಲ, ಇಲ್ಲಿಯೂ ಅದೇ ಮಾತು. ತಪ್ಪು ಹೆಜ್ಜೆ ಇಟ್ಟು ನಗಿಸಬೇಕಾದವನಿಗೆ ಸರಿ ಹೆಜ್ಜೆ ಕರಗತವಾಗಿರಬೇಕು.

ಆಪೆರಾದಿಂದ ಬಂದ ಇನ್ನೊಂದು ವಸ್ತು ತಾಳ. ಜಾಗಟೆ, ಡೋಲಿನ ಗತ್ತಿಗೆ ನಟ ಒಂದಷ್ಟು ಚಲನೆ ಮಾಡಿ ಸಟಕ್ಕನೆ ಭಂಗಿಯಲ್ಲಿ ನಿಲ್ಲುತ್ತಾನೆ. ಕುಂಗ್‌ಫೂ ಹಾಸ್ಯದ ಹೊಡೆದಾಟ ನಡೆಯುವುದೂ ಹೀಗೆಯೇ: ನಾಲ್ಕೈದು ಏಟು, ಒಂದು ಕ್ಷಣ ನಿಲುಗಡೆ, ಮತ್ತೆ ಏಟು. ನಗು ಹುಟ್ಟುವುದು ಏಟಿನಲ್ಲಲ್ಲ, ಆ ನಿಲುಗಡೆಯಲ್ಲಿ. ಗುದ್ದಿ ನಿಂತವನು ಕೈ ಬೆನ್ನ ಹಿಂದೆ ಒಯ್ದು ನೋವಿಗೆ ಕೊಡವಿಕೊಳ್ಳುವುದು ಆಗ. ತುಣುಕು ಕತ್ತರಿಸುವವರು 'ಏನೂ ನಡೆಯುತ್ತಿಲ್ಲ' ಅಂದುಕೊಂಡು ಮೊದಲು ತೆಗೆದುಹಾಕುವುದೂ ಅದನ್ನೇ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಲಾವ್ ಕಾರ್-ಲ್ಯೂಂಗ್ ನಿರ್ದೇಶನದ 'ಡರ್ಟಿ ಹೋ' (1979). ವೇಷ ಮರೆಸಿಕೊಂಡು ತಿರುಗುವ ರಾಜಕುಮಾರನನ್ನು (ಗಾರ್ಡನ್ ಲ್ಯು) ಒಬ್ಬ ಆತಿಥೇಯ ಮದ್ಯದ ರುಚಿ ನೋಡಲು ಕರೆದಿದ್ದಾನೆ. ಕೊಲ್ಲುವುದು ಅವನ ಉದ್ದೇಶ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮೇಜಿನ ಮೇಲೆ ಬಟ್ಟಲು, ಹೂಜಿ. ಬಟ್ಟಲು ಮುಂದೆ ಮಾಡುವ ನೆಪದಲ್ಲಿ ಮುಂಗೈ ಗಂಟಲಿನತ್ತ ಹೋಗುತ್ತದೆ. ಬಟ್ಟಲು ಸ್ವೀಕರಿಸುವ ನೆಪದಲ್ಲಿ ಆ ಮುಂಗೈ ಪಕ್ಕಕ್ಕೆ ಸರಿಯುತ್ತದೆ. ಮೇಲೆ ಮದ್ಯದ ಗುಣಗಾನ, ಕೆಳಗೆ ಕಾಲುಗಳ ಜಗಳ. ಹೊರಗಿನಿಂದ ನೋಡುವವರಿಗೆ ಇಬ್ಬರು ರಸಿಕರು ಉಪಚಾರ ಮಾಡಿಕೊಳ್ಳುತ್ತಿದ್ದಾರೆ ಅಷ್ಟೆ. ಇಲ್ಲಿ ನಗೆ ಬರುವುದು ಮುಖ, ಕೈ, ಕಾಲು ಮೂರೂ ಒಟ್ಟಿಗೆ ಕಂಡಾಗ. ಮುಖ ಹೇಳುವ ಸುಳ್ಳನ್ನು ಕಾಲು ಬಯಲು ಮಾಡುತ್ತದೆ. ಕಾಲು ಕತ್ತರಿಸಿ ತೋರಿಸಿದರೆ ಉಳಿಯುವುದು ಮದ್ಯದ ವ್ಯಾಪಾರ. ಅದೇ ಚಿತ್ರದಲ್ಲಿ ತನಗೆ ಕುಂಗ್‌ಫೂ ಬರುವುದೇ ಗೊತ್ತಾಗದಿರಲೆಂದು ರಾಜಕುಮಾರ ವಾದ್ಯ ನುಡಿಸುವ ಹುಡುಗಿಯನ್ನು (ಕಾರಾ ಹುಯ್) ಹಿಂದಿನಿಂದ ಹಿಡಿದು, ಅವಳ ಕೈಕಾಲುಗಳನ್ನೇ ಸೂತ್ರದ ಬೊಂಬೆಯಂತೆ ಆಡಿಸಿ ಎದುರಾಳಿಗೆ ಹೊಡೆಯುತ್ತಾನೆ. ಹೊಡೆತ ಬಿದ್ದಾಗಲೆಲ್ಲ ಎದುರಾಳಿಗಿಂತ ಹೆಚ್ಚು ಬೆಚ್ಚಿಬೀಳುವವಳು ಅವಳೇ. ಕುಂಗ್‌ಫೂ ಹಾಸ್ಯದಲ್ಲಿ ಇದಕ್ಕಿಂತ ಚೆನ್ನಾಗಿ ಹೆಣೆದ ದೃಶ್ಯ ನನಗಂತೂ ಕಂಡಿಲ್ಲ.

ಈಗ 'ಡ್ರಂಕನ್ ಮಾಸ್ಟರ್'. ಇದರ ನಗೆಯ ಅರ್ಧ ಭಾಗ ಹಿನ್ನೆಲೆ ಗೊತ್ತಿಲ್ಲದವರಿಗೆ ತಪ್ಪಿಹೋಗುತ್ತದೆ. ನಾಯಕ ವಾಂಗ್ ಫೇ-ಹಂಗ್ (ಜಾಕಿ ಚಾನ್) ಕಟ್ಟುಕತೆಯ ಮನುಷ್ಯನಲ್ಲ. 1925ರಲ್ಲಿ ತೀರಿಕೊಂಡ ದಕ್ಷಿಣ ಚೀನಾದ ಕುಂಗ್‌ಫೂ ಗುರು, ನಾಟಿ ವೈದ್ಯ. 1949ರಿಂದ ಕ್ವಾನ್ ಟಾಕ್-ಹಿಂಗ್ ಎಂಬ ನಟ ಹತ್ತಾರು ಚಿತ್ರಗಳಲ್ಲಿ ಆತನನ್ನು ಗಂಭೀರ, ನೀತಿವಂತ ಹಿರಿಯನನ್ನಾಗಿ ತೋರಿಸಿ ಜನರ ಮನಸ್ಸಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಅಂಥವನನ್ನು ನಿರ್ದೇಶಕ ಯುಯೆನ್ ವೂ-ಪಿಂಗ್ ಬಿಟ್ಟಿ ಊಟಕ್ಕೆ ಹೋಟೆಲ್ಲಿಗೆ ನುಗ್ಗುವ, ಪಾಠ ತಪ್ಪಿಸಿ ಓಡುವ ಪೋಲಿ ಹುಡುಗನನ್ನಾಗಿ ಮಾಡಿದರು. ಅವನನ್ನು ಹಿಡಿದು ಪಳಗಿಸುವ ಕುಡುಕ ಗುರುವಿನ ಪಾತ್ರ ನಿರ್ದೇಶಕರ ತಂದೆ ಯುಯೆನ್ ಸಿಯು-ಟಿನ್ ಅವರದು. ಬ್ರೂಸ್ ಲೀ 1973ರಲ್ಲಿ ತೀರಿಹೋದ ಮೇಲೆ ಜಾಕಿಯನ್ನೂ ಇನ್ನೊಬ್ಬ ಬ್ರೂಸ್ ಲೀ ಮಾಡಲು ಹೊರಟವರಿದ್ದರು, ಆಗಲಿಲ್ಲ. ಲೀ ಮುಷ್ಟಿಗೆ ಎದುರಾಳಿ ಒರಗಿಬಿಡುತ್ತಾನೆ. ಜಾಕಿ ಗುದ್ದಿದರೆ ಇಬ್ಬರಿಗೂ ನೋಯುತ್ತದೆ. ನಗೆಗೆ ಬೇಕಾದದ್ದು ಈ ಎರಡನೆಯ ನೋವು.

ಆ ಚಿತ್ರದ ತಾಲೀಮು ದೃಶ್ಯಗಳನ್ನು ಓಡಿಸಿ ನೋಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಹುಡುಗ ತಲೆಕೆಳಗಾಗಿ ನೇತಾಡುತ್ತ ಕೆಳಗಿನ ಬಕೆಟ್ಟಿನ ನೀರನ್ನು ಪುಟ್ಟ ಬಟ್ಟಲುಗಳಲ್ಲಿ ಮೊಗೆದು, ಹೊಟ್ಟೆಯ ಬಲದಿಂದ ಮೇಲೆದ್ದು ಮೇಲಿನ ಬಕೆಟ್ಟಿಗೆ ಸುರಿಯುತ್ತಾನೆ. ಬಟ್ಟಲು ಅಷ್ಟು ಚಿಕ್ಕದಿರುವುದರಿಂದಲೇ ಅದು ಹಾಸ್ಯ. ಚೊಂಬು ಕೊಟ್ಟಿದ್ದರೆ ಬರೀ ವ್ಯಾಯಾಮ ಆಗುತ್ತಿತ್ತು. ಕುಡುಕರ ವರಸೆಯಲ್ಲಿ ಬೆರಳುಗಳೂ ಬಟ್ಟಲು ಹಿಡಿದಂತೆ ಬಾಗಿರುತ್ತವೆ ಎಂಬುದನ್ನು ಗಮನಿಸಿ. ಆ ವರಸೆಯ ಸೂತ್ರ ಸರಳ: ಮೈ ತೂಕ ತಪ್ಪಿ ಬೀಳುತ್ತದೆ, ಬೀಳುವ ಆ ವೇಗವೇ ಏಟಾಗುತ್ತದೆ. ಚೀನೀ ಪುರಾಣದ ಎಂಟು ಅಮರ ದೇವತೆಗಳ ಹೆಸರಿನ ಎಂಟು ವರಸೆಗಳಲ್ಲಿ ಹುಡುಗ ಏಳನ್ನು ಕಲಿತು, ಎಂಟನೆಯದು ಹೆಂಗಸಿನ ನಡೆ ಎಂದು ಉಡಾಫೆ ಮಾಡಿ ಬಿಟ್ಟಿರುತ್ತಾನೆ. ಕೊನೆಯ ಕಾಳಗದಲ್ಲಿ ಖಳ ಪಾತ್ರದ ಹ್ವಾಂಗ್ ಜಾಂಗ್-ಲೀ ಒದೆತಗಳ ಎದುರು ಬೇಕಾಗುವುದು ಆ ಎಂಟನೆಯದೇ. ಗೊತ್ತಿಲ್ಲದ್ದನ್ನು ಅಲ್ಲೇ ಹುಟ್ಟಿಸಿಕೊಳ್ಳಬೇಕು. ತಾಲೀಮು ಓಡಿಸಿ ನೋಡಿದವರಿಗೆ ಈ ಕಾಳಗದಲ್ಲಿ ನಗಲು ಕಾರಣವೇ ಸಿಗುವುದಿಲ್ಲ.

ಇನ್ನು ವೇಗ. ಸಿನಿಮಾ ತೆರೆಯ ಮೇಲೆ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ). ಹೊಡೆದಾಟವನ್ನು 22 ಫ್ರೇಮಿನಲ್ಲಿ ಚಿತ್ರೀಕರಿಸಿದರೆ ತೆರೆಯ ಮೇಲೆ ಸುಮಾರು ಶೇ 9ರಷ್ಟು ಚುರುಕಾಗುತ್ತದೆ. ಕಣ್ಣಿಗೆ ಮೋಸ ಗೊತ್ತಾಗುವುದಿಲ್ಲ. ಅದೇ ಪ್ರತಿಯನ್ನು 25 ಫ್ರೇಮಿನ ಟಿ.ವಿ. ಪದ್ಧತಿಗೆ ನೇರ ಓಡಿಸಿದರೆ ಇನ್ನೂ ಶೇ 4 ಸೇರುತ್ತದೆ. ನೂರು ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ದನಿಗಳು ಕೀರಲಾಗುತ್ತವೆ, ಚುರುಕು ಹೋಗಿ ಗಡಿಬಿಡಿ ಕಾಣುತ್ತದೆ. ಮಂಗಚೇಷ್ಟೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಏಟು ಬಿದ್ದದ್ದು ಕಾಣಲಿ ಎಂದು ಬಟ್ಟೆಗೆ ಪೌಡರ್ ಹಚ್ಚಿರುತ್ತಾರೆ. ಒದ್ದಾಗ ಏಳುವ ಧೂಳು ಅದು. ಏಟು ತಾಗುವ ಜಾಗದಲ್ಲಿ ಶಾಟ್ ಬದಲಾಗುತ್ತಿದ್ದರೆ, ಮೊದಲ ಶಾಟಿನ ಕೊನೆಯ ಎರಡು ಮೂರು ಫ್ರೇಮಿನ ಚಲನೆಯನ್ನು ಎರಡನೆಯದರ ಆರಂಭದಲ್ಲಿ ಮತ್ತೊಮ್ಮೆ ಇಡುತ್ತಾರೆ. ಲೆಕ್ಕದಲ್ಲಿ ಅದು ತಪ್ಪು, ನೋಟದಲ್ಲಿ ಸರಿ. ಶಾಟ್ ಬದಲಾದಾಗ ಕಣ್ಣು ಹೊಸ ಚಿತ್ರಕ್ಕೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಈಚಿನ ಅನೇಕ ಆ್ಯಕ್ಷನ್ ಚಿತ್ರಗಳಲ್ಲಿ ಇದರ ತದ್ವಿರುದ್ಧ: ಏಟು ತಾಗುವ ಮೊದಲೇ ಕಟ್. ಸದ್ದಿನದೂ ಇದೇ ಕತೆ. ಆ ಕಾಲದಲ್ಲಿ ಮಾತು, ಏಟಿನ ಸದ್ದು ಎಲ್ಲವನ್ನೂ ಆಮೇಲೆ ಸೇರಿಸುತ್ತಿದ್ದರು, ಫ್ರೇಮ್ ಲೆಕ್ಕ ಹಾಕಿ. ಮರು ಡಬ್ಬಿಂಗಿನಲ್ಲಿ ಆ ಸದ್ದುಗಳನ್ನು ತೆಗೆದು ಬೇರೆ ಸದ್ದು ಅಂಟಿಸಿದಾಗ ಏಟು ಒಂದು ಕಡೆ, 'ಧಡ್' ಇನ್ನೊಂದು ಕಡೆ.

'ಪ್ರಾಜೆಕ್ಟ್ ಎ'ಯಲ್ಲಿ ಜಾಕಿ ಗಡಿಯಾರ ಗೋಪುರದ ಮುಳ್ಳಿಗೆ ಜೋತುಬಿದ್ದು, ಕೈ ಸೋತು, ಎರಡು ಬಟ್ಟೆ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೆ ಬೀಳುತ್ತಾರೆ. ಮೂಕಿ ಚಿತ್ರಗಳ ಹಾಸ್ಯನಟ ಹೆರಾಲ್ಡ್ ಲಾಯ್ಡ್ 1923ರಲ್ಲಿ ಗಡಿಯಾರಕ್ಕೆ ಜೋತುಬಿದ್ದದ್ದಕ್ಕೆ ಸಲ್ಲಿಸಿದ ನಮಸ್ಕಾರ ಅದು. ಲಾಯ್ಡ್ ಬೀಳಲಿಲ್ಲ, ಇವರು ಬಿದ್ದರು. ಅಷ್ಟೇ ಅಲ್ಲ, ಬಿದ್ದದ್ದನ್ನು ಒಂದಕ್ಕಿಂತ ಹೆಚ್ಚು ಸಲ ತೋರಿಸುತ್ತಾರೆ. ಇಂಥ ದೃಶ್ಯಗಳಲ್ಲಿ ಎಡವಟ್ಟಾದ ಟೇಕುಗಳನ್ನು ಚಿತ್ರದ ಕೊನೆಯಲ್ಲಿ, ಹೆಸರುಗಳು ಬರುವಾಗ ತೋರಿಸುವ ರೂಢಿಯನ್ನು ಜಾಕಿ 'ಡ್ರ್ಯಾಗನ್ ಲಾರ್ಡ್'ನಿಂದ (1982) ಬೆಳೆಸಿದರು. ಲೆಕ್ಕ ಒಂದಂಗುಲ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆ ಎರಡು ನಿಮಿಷವೇ ಪಾಠ. ಹೆಸರುಗಳು ಬಂದವೆಂದು ಚಾನೆಲ್ಲಿನವರು ಜಾಹೀರಾತಿಗೆ ಜಿಗಿಯುವುದು ಸರಿಯಾಗಿ ಆಗಲೇ.

ಈ ಚಿತ್ರಗಳಲ್ಲಿ ದೋಷ ಇಲ್ಲ ಎನ್ನುತ್ತಿಲ್ಲ. ಕತೆ ಎಷ್ಟೋ ಸಲ ಹೊಡೆದಾಟಕ್ಕೆ ನೆಪ. ಹೆಣ್ಣುಪಾತ್ರಗಳಿಗೆ ಕೆಲಸವೇ ಇರುವುದಿಲ್ಲ, ಕೆಲವು ಜೋಕುಗಳು ಈಗ ಮುಜುಗರ ತರುತ್ತವೆ. ಆದರೆ ಹೊರತುಗಳಿವೆ: ಮೇಲೆ ಹೇಳಿದ ಕಾರಾ ಹುಯ್ 'ಮೈ ಯಂಗ್ ಆಂಟಿ'ಗಾಗಿ ಹಾಂಕಾಂಗ್ ಚಲನಚಿತ್ರ ಪ್ರಶಸ್ತಿಗಳ ಮೊದಲ ವರ್ಷವೇ (1982) ಶ್ರೇಷ್ಠ ನಟಿ ಎನಿಸಿಕೊಂಡರು. 1994ರ 'ಡ್ರಂಕನ್ ಮಾಸ್ಟರ್ 2'ರಲ್ಲಿ ಜಾಕಿಯ ಮಲತಾಯಿಯಾಗಿ ಅನಿತಾ ಮುಯಿ ಇಡೀ ಚಿತ್ರದ ನಗುವನ್ನು ಕದಿಯುತ್ತಾರೆ. ತಾಯಿಗೆ ಮಗನಿಗಿಂತ ಒಂಬತ್ತು ವರ್ಷ ಕಡಿಮೆ ಎಂಬುದು ಬೇರೆ ಮಾತು. ನಮ್ಮ ಹಂಪಿಗೂ ಜಾಕಿ ಬಂದು ಹೋಗಿದ್ದಾರೆ, 2005ರ 'ದಿ ಮಿಥ್' ಚಿತ್ರೀಕರಣಕ್ಕೆ. ಅದು ಹಾಸ್ಯಚಿತ್ರವಲ್ಲ, ಒಳ್ಳೆಯ ಚಿತ್ರವೂ ಅಲ್ಲ. ಆದರೂ ಇಲಿ ಹಿಡಿಯುವ ಅಂಟಿನ ಕಾರ್ಖಾನೆಯ ಬೆಲ್ಟಿನ ಮೇಲೆ ನಡೆಯುವ ಅದರ ಹೊಡೆದಾಟದಲ್ಲಿ ಹಳೆಯ ಕಸುಬು ಕಾಣುತ್ತದೆ: ಕಾಲು ಕಿತ್ತರೆ ಕೈ ಅಂಟುತ್ತದೆ, ಕೈ ಕಿತ್ತರೆ ಬಟ್ಟೆ.

ಆದ್ದರಿಂದ ಕೋರಿಕೆ ಇಷ್ಟೇ. ನಿಮ್ಮ ಪುರವಣಿ ಇಂಥ ಚಿತ್ರಗಳನ್ನು ಶಿಫಾರಸು ಮಾಡುವಾಗ ಯಾವ ಪ್ರತಿ ನೋಡಬೇಕೆಂದೂ ಬರೆಯಲಿ: ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ, ಕ್ಯಾಂಟನೀಸ್ ಅಥವಾ ಮ್ಯಾಂಡರಿನ್ ದನಿಯ, ಸಬ್‌ಟೈಟಲ್ ಇರುವ ಪ್ರತಿ. ಟಿ.ವಿ.ಯ ಸೆಟ್ಟಿಂಗಿನಲ್ಲಿ 'ಜೂಮ್' ತೆಗೆಯಬೇಕು. ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನೂ ಆಫ್ ಮಾಡಬೇಕು. ಅದು ಇಲ್ಲದ ಫ್ರೇಮುಗಳನ್ನು ನಡುವೆ ತುರುಕಿ ಏಟಿನ ಮೊನೆಯನ್ನೇ ಸವೆಸುತ್ತದೆ. ಚಿತ್ರ ಸಮಾಜಗಳು ತೋರಿಸುವುದಾದರೆ ಮೊದಲು 'ಡರ್ಟಿ ಹೋ'ದ ಆ ಮದ್ಯದ ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ, ಸದ್ದಿನೊಂದಿಗೆ ಒಮ್ಮೆ ತೋರಿಸಲಿ. ಮತ್ತು ಕೊನೆಯಲ್ಲಿ ಹೆಸರುಗಳು ಬರುತ್ತಿರುವಾಗ ಸಭಾಂಗಣದ ದೀಪ ಹಾಕಬೇಡಿ ಎಂದು ಹಾಕುವವರಿಗೆ ಮೊದಲೇ ಹೇಳಿಡಲಿ.

ಇಂತಿ,
ತಮ್ಮ ಓದುಗ
ಮೈಸೂರು